ಒಂದು ಕೊಡದ ಪಾಠ

ಆ ಊರಿಗೆ ಹೋದ ಮೊದಲ ದಿನವೇ ನಾನು ಅರ್ಧ ಕ್ಷೌರ ಮಾಡಿಸಿಕೊಂಡೆ. ಕ್ಷೌರಿಕನು ಬಲು ಶಾಸ್ತ್ರೋಕ್ತವಾಗಿ ನೊರೆ ಹಚ್ಚಿ, ಬಲಗೆನ್ನೆಯನ್ನು ಕನ್ನಡಿಯಂತೆ ಮಾಡಿ, ಕತ್ತಿಯನ್ನು ಒರೆಸಿಟ್ಟು ಕೈಮುಗಿದು ನಿಂತುಬಿಟ್ಟನು. ನಾನು ಎಡಗೆನ್ನೆಯ ಕಡೆಗೆ ಬೆರಳು ತೋರಿಸಿದೆ. "ಅದು ಮುಂದಿನ ಭಾಗ ಸ್ವಾಮಿ. ಅಷ್ಟೊತ್ಗೆ ನಮ್ಮನೆ ಕೊಡ ತುಂಬೋಯ್ತು," ಎಂದನು. ಅವನ ದನಿಯಲ್ಲಿ ಸಂಕೋಚವಾಗಲಿ ವಿಷಾದವಾಗಲಿ ಇರಲಿಲ್ಲ. ಬೀದಿಗೆ ಬಂದು ನೋಡಿದರೆ ಗಂಡಸರೆಲ್ಲರ ಎಡಗೆನ್ನೆಯಲ್ಲಿ ಗಡ್ಡವಿತ್ತು. ದರ್ಜಿಯ ಅಂಗಡಿಯಲ್ಲಿ ಒಂದೇ ತೋಳಿನ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಖಾನಾವಳಿಯ ಸಾರು ಬೆಂದಿತ್ತು, ಉಪ್ಪು ಹುಳಿ ಸರಿಯಾಗಿದ್ದವು. ಆದರೆ ಒಗ್ಗರಣೆಯೆನ್ನುವುದು ಅಡುಗೆಯ ಕಡೆಯಲ್ಲಿ ಬರುವ ಸಂಗತಿಯಾದ್ದರಿಂದ ಆ ಊರಿನ ಮೂಗುಗಳಿಗೆ ಅದರ ಪರಿಚಯವೇ ಇರಲಿಲ್ಲ.

ಊರಿನ ನಡುವೆ ಎತ್ತರವಾದ ನೀರಿನ ಟ್ಯಾಂಕೊಂದಿತ್ತು. ಅದರ ಬಾಯಿಗೆ ಬಗ್ಗಿ ಏನನ್ನು ಹೇಳಿದರೂ ಅದು ನೀರಿನ ಸಂಗಡ ಮನೆಮನೆಯ ನಲ್ಲಿಯಲ್ಲಿ ಇಳಿದು ಬರುತ್ತಿತ್ತು. ಹೀಗಿರುವಾಗ ಬೇರೆ ಶಾಲೆ ಯಾಕೆ ಬೇಕೆಂದು ಪುರಸಭೆಯವರು ಯೋಚಿಸಿದ್ದರು. ನಲವತ್ತು ವರ್ಷಗಳಿಂದ ಅಳಸಿಂಗಾಚಾರ್ಯರೆಂಬ ಮೇಷ್ಟ್ರು ಪ್ರತಿದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ, ಟ್ಯಾಂಕಿನ ಬಾಯಿಗೆ ಒಂದು ಗಂಟೆಯ ಪಾಠ ಹೇಳಿ ಇಳಿಯುತ್ತಿದ್ದರು. ಕ್ಷೌರ, ಹೊಲಿಗೆ, ಅಡುಗೆ, ಈಜು, ಅವರು ಮುಟ್ಟದ ವಿಷಯವಿರಲಿಲ್ಲ. ಆದರೆ ಜನರು ನಲ್ಲಿಯ ಮುಂದೆ ನಿಲ್ಲುತ್ತಿದ್ದದ್ದು ಒಂದು ಕೊಡ ತುಂಬುವವರೆಗೆ. ಕೊಡ ತುಂಬಿತೆಂದರೆ ನಲ್ಲಿಯನ್ನು ತಿರುಗಿಸಿ ಕೆಲಸಕ್ಕೆ ಹೊರಡುತ್ತಿದ್ದರು. ಉಳಿದ ನೀರನ್ನು ಮಧ್ಯಾಹ್ನ ಗಿಡಮರಗಳಿಗೆ ಬಿಡುತ್ತಿದ್ದರು. ಆ ಊರಿನ ನುಗ್ಗೆಮರಗಳಷ್ಟು ತಿಳಿದ ಮರಗಳನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ನಲವತ್ತು ವರ್ಷಗಳ ಉಪಸಂಹಾರಗಳೆಲ್ಲ ಅವುಗಳ ಬೇರಿಗೇ ಇಳಿದಿದ್ದವು.

ನಾನು ಊರಿಂದೂರಿಗೆ ಅಲೆಯುವವನು. ಓದಿದ್ದೆಲ್ಲ ಬಸ್ ನಿಲ್ದಾಣಗಳಲ್ಲಿ ರಾಶಿ ಹಾಕಿ ಮಾರುವ ಹಳೆಯ ಪತ್ತೇದಾರಿ ಮತ್ತು ಪ್ರಣಯ ಕಾದಂಬರಿಗಳನ್ನು. ಅವುಗಳಲ್ಲಿ ಕೊನೆಯ ಹಾಳೆಗಳಿರುವುದು ಅಪರೂಪ. ಕೊಲೆ ಮಾಡಿದವರು ಯಾರೆಂದು ತಿಳಿಯದೆಯೇ ನನಗೆ ನಲವತ್ತು ತುಂಬಿದೆ. ಆದ್ದರಿಂದ ಆ ಊರನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ. ಆದರೂ ನಕ್ಕೆ, ಹೊಳೆಯ ದಾರಿ ಹಿಡಿದೆ. ಆಚೆ ದಡಕ್ಕೆ ಹೋಗಿ ಮತ್ತೊಂದು ಊರನ್ನು ಸೇರುವುದು ನನ್ನ ಯೋಚನೆಯಾಗಿತ್ತು.

ಹೊಳೆಯಲ್ಲಿ ಬುಟ್ಟಿಯಂಥ ಒಂದು ಹರಿಗೋಲು ಬುಗುರಿಯಂತೆ ನಿಂತಲ್ಲೇ ಸುತ್ತುತ್ತಿತ್ತು. ಒಳಗೆ ಒಬ್ಬ ಹೆಂಗಸು ಹುಟ್ಟು ಹಿಡಿದು ನೀರನ್ನು ಬಡಿಯುತ್ತಿದ್ದಳು. "ನಿಲ್ಲಿಸಮ್ಮಾ, ನೋಡಿದರೆ ತಲೆ ಸುತ್ತುತ್ತದೆ," ಎಂದು ಕೂಗಿದೆ.

"ನೋಡೋ ನಿಂಗೇ ಹಂಗಾದ್ರೆ ಒಳಗ್ ಕುಂತಿರೋ ನಂಗೆ ಹೆಂಗಾಗ್ಬೇಕಣ್ಣಯ್ಯ! ಮಾತಾಡ್ಬೇಡ, ಗೂಟದ ಹಗ್ಗ ಎಳಿ!"

ಎಳೆದೆ. ಅವಳು ದಡಕ್ಕೆ ಇಳಿದು, ಭೂಮಿ ನಿಲ್ಲುವವರೆಗೆ ಕಣ್ಣು ಮುಚ್ಚಿ ಕುಳಿತು, ಆಮೇಲೆ ತನ್ನ ಸಂಗತಿಯನ್ನು ಹೇಳಿದಳು. ಅವಳ ಹೆಸರು ಹೊಂಬಮ್ಮ. ಅಂಬಿಗ ದ್ಯಾವಣ್ಣನ ಹೆಂಡತಿ. ದ್ಯಾವಣ್ಣ ಒಗೆಯುವ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡು ಮಲಗಿದ್ದನು. ಪ್ರತಿ ವರ್ಷ ಗೊತ್ತುಪಡಿಸಿದ ಒಂದು ಸೋಮವಾರ ಅಂಬಿಗರ ಮನೆಯವರು ಪುರಸಭೆಯ ಅಧ್ಯಕ್ಷರನ್ನು ಆಚೆ ದಡಕ್ಕೆ ದಾಟಿಸಿ ಮರಳಿ ಕರೆತರಬೇಕು. ಕರೆತರಲಾರದವರಿಗೆ ದೋಣಿ ನಡೆಸುವ ಹಕ್ಕಿಲ್ಲ. ಆ ಸೋಮವಾರಕ್ಕೆ ಹನ್ನೆರಡು ದಿನ ಉಳಿದಿತ್ತು.

"ಐದು ತಲೆಮಾರಿಂದ ಈ ಹುಟ್ಟು ನಮ್ಮನೇಲದೆ. ನನ್ನ ಕೈಯಾಗೆ ಕಳ್ದೋಯ್ತದೆ ಅಂದ್ರೆ ನಾನು ಊರಾಗೆ ತಲೆ ಎತ್ಕಂಡು ತಿರುಗೋದು ಹೆಂಗೆ?"

"ನಿಮ್ಮ ಯಜಮಾನರೇ ಹೇಳಿಕೊಡಬಹುದಲ್ಲ?"

"ಗಂಡ ಹೆಂಡ್ತಿಗೆ ಕಲ್ಸಿದ್ನ ಎಲ್ಲಾದ್ರೂ ನೋಡಿದ್ದೀಯಾ? ಒಂದ್ನೇ ಮಾತ್ಗೆ 'ಹಂಗಲ್ಲ' ಅಂತಾನೆ. ಎರಡ್ನೇ ಮಾತ್ಗೆ 'ಅಯ್ಯೋ ಹಂಗಲ್ಲ' ಅಂತಾನೆ. ಮೂರ್ನೇ ಮಾತು ನಮ್ಮ ತವರ್ಮನೆ ಮೇಲೆ ಬತ್ತದೆ. ಅದ್ಕೇ ಮೇಷ್ಟ್ರ ಕಾಲ್ಗೆ ಬಿದ್ದು ಬಂದಿವ್ನಿ. ನಾಳಿಂದ ದೋಣಿ ಪಾಠ ಹೇಳ್ತಾರಂತೆ."

ದಾಟಿಸುವವರಿಲ್ಲದೆ ಅಲ್ಲೇ ಉಳಿದ ನಾನೂ ಮರುದಿನ ಅವಳ ಮನೆಯ ನಲ್ಲಿಯ ಮುಂದೆ ನಿಂತೆ. ನೀರು ಬಿತ್ತು, ಆಚಾರ್ಯರ ಗಂಭೀರವಾದ ಕಂಠವೂ ಬಿತ್ತು. "ಪ್ರಾರಂಭದಲ್ಲಿ, ನೀರು ಎಂದರೇನು ಎಂಬುದನ್ನು ವಿಚಾರಿಸೋಣ." ವಿಚಾರಿಸುವಷ್ಟರಲ್ಲಿ ಕೊಡ ತುಂಬಿತು. ಎರಡನೆಯ ದಿನ, "ನಿನ್ನೆ ನಾವು ನೀರು ಎಂದರೇನು ಎಂಬುದನ್ನು ವಿಚಾರಿಸಿದೆವು. ಅದನ್ನು ಒಮ್ಮೆ ಮೆಲುಕು ಹಾಕೋಣ." ಕೊಡ ತುಂಬಿತು. ಮೂರನೆಯ ದಿನ ಆಚಾರ್ಯರು ಎರಡನೆಯ ದಿನದ ಮೆಲುಕನ್ನು ಮೆಲುಕು ಹಾಕಿದರು. ಹೊಂಬಮ್ಮ ನಲ್ಲಿಯ ಕಿವಿ ಹಿಂಡುವವಳಂತೆ ಅದನ್ನು ತಿರುಗಿಸಿ ನಿಲ್ಲಿಸಿದಳು. "ನೀರು ಅಂದ್ರೇನು ಅಂತ ಮುಳುಗೋಳಿಗೆ ಹೇಳ್ಬೇಕಾ ಇವ್ರು!"

ನಾಲ್ಕನೆಯ ದಿನ ಆಚಾರ್ಯರ ಗಂಟಲು ಕಟ್ಟಿತು. ನಲ್ಲಿಗಳಲ್ಲಿ ಬರಿಯ ನೀರು ಬಂದಿತು. ಜನರು ಹೆದರಿದರು, ಮಾತಿಲ್ಲದ ನೀರನ್ನು ಕುಡಿಯಬಹುದೇ ಎಂದು ಪುರಸಭೆಗೆ ಹೋಗಿ ಕೇಳಿದರು. ಅಧ್ಯಕ್ಷೆ ಜಯಶೀಲಮ್ಮನವರು ಬದಲಿ ಮೇಷ್ಟ್ರಿಗಾಗಿ ಊರೆಲ್ಲ ಹುಡುಕಿಸಿದರು. ಖಾನಾವಳಿಯವನು ನನ್ನತ್ತ ಕೈ ತೋರಿಸಿ, "ಈ ಪರ್ಸ್ಥಳದೋರ ಮಾತು ಮುಗೀತವೆ ಅಮ್ಮಾವ್ರೇ, ನಾನೇ ಕೇಳಿವ್ನಿ," ಎಂದು ಸಾಕ್ಷಿ ನುಡಿದನು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಯೋಗ್ಯತೆ ಇರಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನು ಟ್ಯಾಂಕಿನ ಮೆಟ್ಟಿಲು ಹತ್ತಿದೆ.

ನನಗೆ ಗೊತ್ತಿದ್ದ ವಿದ್ಯೆ ಒಂದೇ: ಓದುಗನ ಕುತ್ತಿಗೆ ಹಿಡಿದು ಮುಂದಿನ ಪುಟಕ್ಕೆ ಎಳೆದೊಯ್ಯುವುದು. ಅದನ್ನು ಧಾರಾಳವಾಗಿ ಬಳಸಿದೆ. "ಹುಣ್ಣಿಮೆಯ ಚಂದ್ರನು ನದಿಯ ಎದೆಯ ಮೇಲೆ ಬೆಳ್ಳಿಯ ಸೆರಗನ್ನು ಹಾಸಿದ್ದನು. ಅಬಲೆಯೊಬ್ಬಳು ನಡುಗುವ ಕರಗಳಿಂದ ಹುಟ್ಟನ್ನೆತ್ತಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ..." ಅಲ್ಲಿಗೆ ಸರಿಯಾಗಿ ಒಂದು ಕೊಡ ತುಂಬುವಂತೆ ನಿಲ್ಲಿಸಿದೆ. ಇಷ್ಟು ಚೆಂದದ ಪಾಠ ಆ ಟ್ಯಾಂಕಿಗೆ ಎಂದೂ ಬಿದ್ದಿರಲಿಲ್ಲವೆಂದು ನನಗೆ ನಾನೇ ಹೇಳಿಕೊಂಡು, ಎದೆಯುಬ್ಬಿಸಿ ಊರ ಹೊರಗೆ ತಿರುಗಾಡಲು ಹೋದೆ.

ಊರ ಕೆಳಗೆ ಚರಂಡಿಯ ನೀರೆಲ್ಲ ಸೇರಿ ಹೊರಬೀಳುವ ಒಂದು ದೊಡ್ಡ ಮೋರಿಯಿತ್ತು. ಜನರು ಅಲ್ಲಿ ಮೂಗು ಮುಚ್ಚಿಕೊಂಡು ಬೇಗ ಬೇಗ ದಾಟುತ್ತಿದ್ದರು. ನನ್ನ ಚಪ್ಪಲಿಯ ಉಂಗುಷ್ಟ ಅಲ್ಲಿಯೇ ಕಿತ್ತುಹೋದದ್ದರಿಂದ ನಾನು ನಿಲ್ಲಬೇಕಾಯಿತು. ಆಗ ಮೋರಿಯೊಳಗಿನಿಂದ ಹೊಂಬಮ್ಮನ ದನಿ ಸ್ಪಷ್ಟವಾಗಿ ಹರಿದು ಬಂದಿತು.

"ಅಬಲೆಯಂತೆ! ಬಾರಪ್ಪ ಇಲ್ಲಿ, ಈ ಹಂಡೆ ಎತ್ತು ಬಾ, ಅಬಲೆ ಯಾರು ಅಂತ ತೋರುಸ್ತೀನಿ. ಹುಟ್ಟು ಎಲ್ಲಿ ಹಿಡೀಬೇಕು ಅಂತ ಹೇಳ್ಲಿಲ್ಲ, ಹಿಂದಿಂದ ಕೈ ಬಂತಂತೆ. ಬಂದಿದ್ ಕೈ ಹುಟ್ಟಾದ್ರೂ ಹಾಕ್ತಾ?"

ಅದರ ಬೆನ್ನಿಗೇ ಯಾರೋ ಮುದುಕನ ದನಿ ಬಂದಿತು: "ಕತೆ ಸಂದಾಕಿತ್ತು ಕಣಮ್ಮಿ. ಆ ಕೈ ಯಾರ್ದು?"

ಟ್ಯಾಂಕಿನ ಮಾತು ನಲ್ಲಿಗೆ ಇಳಿಯುವುದಾದರೆ ಬಚ್ಚಲಿನ ಮಾತು ಮೋರಿಗೆ ಇಳಿಯುವುದು ಸಹಜವೇ ಆಗಿತ್ತು. ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ, ಮೈಗೆ ನೀರು ಹುಯ್ದುಕೊಳ್ಳುತ್ತ ಊರಿನವರು ಆಡಿದ್ದೆಲ್ಲ ಅಲ್ಲಿ ಹೊರಬೀಳುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು; ನಿಂತು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ನಾನು ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕಲ್ಲಿನ ಮೇಲೆ ಕುಳಿತೆ. ನನ್ನ ಪಾಠದ ಕುರಿತು ಅಂದು ನಾನು ಕೇಳಿದ ವಿಮರ್ಶೆಯಿಂದ ನನ್ನ ಎದೆ ಮೊದಲಿನ ಅಳತೆಗಿಂತಲೂ ಕೆಳಗಿಳಿಯಿತು. ಉಳಿದ ಮನೆಗಳ ಸಂಗತಿಗಳೂ ಅಷ್ಟಿಷ್ಟು ಕಿವಿಗೆ ಬಿದ್ದವು; ಅವನ್ನು ಇಲ್ಲಿ ಬರೆಯುವುದಿಲ್ಲ. ಆ ಊರಿಗೆ ನಾನು ಮತ್ತೆ ಹೋಗಬೇಕಾಗಬಹುದು.

ಅಲ್ಲಿಂದ ನೆಟ್ಟಗೆ ದ್ಯಾವಣ್ಣನ ಬಳಿಗೆ ಹೋದೆ. ಹರಿಗೋಲು ಸುತ್ತದಂತೆ ಹುಟ್ಟು ಹಾಕುವುದು ಹೇಗೆಂದು ಕೇಳಿದೆ. ಅವನು ಕಟ್ಟುಹಾಕಿದ ಕಾಲನ್ನು ನೋಡುತ್ತ ಬಹಳ ಹೊತ್ತು ಯೋಚಿಸಿದನು. "ಕೈ ಹೋಯ್ತದೆ ಸ್ವಾಮಿ. ಅಷ್ಟೇಯ."

"ಎಲ್ಲಿಗೆ ಹೋಗುತ್ತದೆ?"

"ಎಲ್ಲಿಗ್ ಹೋಗ್ಬೇಕೋ ಅಲ್ಲಿಗೆ."

ಬಾಯಿಯನ್ನು ಕೇಳಿ ಪ್ರಯೋಜನವಿಲ್ಲವೆಂದು ತಿಳಿಯಿತು. ಅಡುಗೆಮನೆಯಿಂದ ಉದ್ದನೆಯ ಸೌಟನ್ನು ತಂದು ಅವನ ಕೈಗಿತ್ತೆ. ತೊಡೆಯ ಮೇಲೆ ಒಂದು ಮೊರವನ್ನಿಟ್ಟು, ಇದೇ ಹರಿಗೋಲೆಂದು ತಿಳಿದು ಆಚೆ ದಡಕ್ಕೆ ಹೋಗೆಂದೆ. ಹೆಂಡತಿಯ ಮುಂದೆ ನಾಚಿಕೆಯಾಗಿ ಅವನು ಮೊದಲು ಒಪ್ಪಲಿಲ್ಲ. ಅವಳನ್ನು ಕಟ್ಟಿಗೆಗೆ ಕಳುಹಿಸಿದ ಮೇಲೆ ಕಣ್ಣು ಮುಚ್ಚಿ ಗಾಳಿಯಲ್ಲಿ ಹುಟ್ಟು ಹಾಕತೊಡಗಿದನು. ನಾನು ಅವನ ಕೈಯನ್ನೇ ನೋಡಿದೆ. ಅದು ಒಮ್ಮೆಯೂ ಮೊರದ ಪಕ್ಕಕ್ಕೆ ಹೋಗಲಿಲ್ಲ. ಮುಂದಕ್ಕೆ ಚಾಚುತ್ತಿತ್ತು, ಎದುರಿನ ನೀರನ್ನು ತಬ್ಬಿದಂತೆ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಒಮ್ಮೆ ಸ್ವಲ್ಪ ಎಡದಿಂದ, ಒಮ್ಮೆ ಸ್ವಲ್ಪ ಬಲದಿಂದ. ಹೊಂಬಮ್ಮನಾದರೋ ಪಕ್ಕದ ನೀರನ್ನು ಬಡಿಯುತ್ತಿದ್ದಳು. ಕಂಡದ್ದನ್ನು ಹೇಳಿದೆ. ದ್ಯಾವಣ್ಣ ಕಣ್ಣರಳಿಸಿ ತನ್ನ ಕೈಯನ್ನೇ ತಾನು ತಿರುಗಿಸಿ ನೋಡಿಕೊಂಡನು. "ಓಹೋ, ಹಂಗೇನಾ ನಾನು ಮಾಡಾದು!"

ಆರನೆಯ ದಿನ ಟ್ಯಾಂಕಿಗೆ ಚಂದ್ರನನ್ನು ಬಿಡಲಿಲ್ಲ. "ಹೊಂಬಮ್ಮ, ಇವತ್ತು ಒಂದೇ ಕೆಲಸ. ಕೊಡ ತುಂಬುವಷ್ಟರಲ್ಲಿ ನೀರನ್ನು ನಿಮ್ಮ ಕಡೆಗೆ ಎಳೆದುಕೊಳ್ಳಲು ಕಲಿಯುತ್ತೀರಿ. ಸೌಟು ತೆಗೆದುಕೊಳ್ಳಿ. ಮುಂದಕ್ಕೆ ಚಾಚಿ. ಈಗ ಎಳೆಯಿರಿ." ಇಷ್ಟು ಹೇಳಿ ಸುಮ್ಮನಾದೆ. ಹತ್ತು ಉಸಿರಿನಷ್ಟು ಕಾಲ ಟ್ಯಾಂಕಿಗೆ ಬರಿಯ ಮೌನವನ್ನು ಬಿಟ್ಟೆ. ಆಮೇಲೆ, "ಭುಜ ನೋಯುತ್ತಿದ್ದರೆ ಬಡಿಯುತ್ತಿದ್ದೀರಿ; ಸೊಂಟ ಬಗ್ಗುತ್ತಿದ್ದರೆ ಎಳೆಯುತ್ತಿದ್ದೀರಿ. ಮತ್ತೊಮ್ಮೆ ಮಾಡಿ," ಎಂದು ಹೇಳಿ ಮತ್ತೆ ಸುಮ್ಮನಾದೆ. ಕೊನೆಗೆ, "ಪಕ್ಕದಲ್ಲಿ ಬಡಿದರೆ ಹರಿಗೋಲು ಯಾಕೆ ಸುತ್ತುತ್ತದೆ? ಯೋಚಿಸಿ, ಬಚ್ಚಲಿನಲ್ಲಿ ಜೋರಾಗಿ ಹೇಳಿ. ನಾಳೆ ಅಲ್ಲಿಂದ ಮುಂದುವರಿಯೋಣ," ಎಂದು ಮುಗಿಸಿದೆ. ಕಾದಂಬರಿಯಿಂದ ನಾನು ಉಳಿಸಿಕೊಂಡದ್ದು ಆ ಕಡೆಯ ಪ್ರಶ್ನೆಯೊಂದನ್ನು ಮಾತ್ರ.

ಪಾಠವು ಹೊಂಬಮ್ಮನಿಗಾದರೂ ನೀರು ಊರಿಗೆಲ್ಲ ಹೋಗುತ್ತಿತ್ತು. ಎರಡು ದಿನಗಳಲ್ಲಿ ಊರಿಗೆ ಊರೇ ನಲ್ಲಿಯ ಮುಂದೆ ಸೌಟು ಹಿಡಿದು ಕುಳಿತಿತು. ದರ್ಜಿಯು ಗಜಕಡ್ಡಿಯಿಂದ ಹುಟ್ಟು ಹಾಕಿದನು. ಮೋರಿಯಲ್ಲಿ ಉತ್ತರಗಳು ಧಾರೆಧಾರೆಯಾಗಿ ಬಂದವು. ನಾನು ಕುಳಿತು ಬರೆದುಕೊಂಡೆ. ಯಾರು ಎಲ್ಲಿ ಎಡವಿದರೋ ಮರುದಿನ ಅಲ್ಲಿಂದಲೇ ಆರಂಭಿಸಿದೆ. ಹೊಂಬಮ್ಮನ ಉತ್ತರದಲ್ಲಿ ಬೈಗುಳ ದಿನೇದಿನೇ ಕಡಿಮೆಯಾಯಿತು. "ಮಜ್ಜಿಗೆ ಕಡೆಗೋಲು ಆಡ್ಸಿದಂಗೆ ಅಲ್ವಾ ಅಣ್ಣಯ್ಯ ಇದು? ಮೊದ್ಲೇ ಹಂಗಂದಿದ್ರೆ ಅವತ್ತೇ ಬತ್ತಿತ್ತು," ಎಂದಳು ಒಂದು ದಿನ. ಕೂಡಲೇ ಪಾಠಕ್ಕೆ ಕಡೆಗೋಲನ್ನು ಸೇರಿಸಿದೆ. ಹೊಳೆಯ ಸೆಳೆತ ಕೆಳಕ್ಕೆ ಒಯ್ಯುವುದರಿಂದ ಹರಿಗೋಲನ್ನು ಮೊದಲು ದಡದಲ್ಲೇ ಮೇಲಕ್ಕೆ ಹೊತ್ತೊಯ್ದು ಇಳಿಯಬೇಕೆಂಬುದು ಒಂಬತ್ತನೆಯ ದಿನದ ಪಾಠವಾಗಿತ್ತು.

ಹತ್ತನೆಯ ದಿನ ಅಳಸಿಂಗಾಚಾರ್ಯರಿಗೆ ಕಂಠ ಮರಳಿತು. ಅವರು ಟ್ಯಾಂಕಿನ ಬುಡದಲ್ಲಿ ನನ್ನನ್ನು ತಡೆದರು. "ಏನಯ್ಯಾ ಪರದೇಶಿ! ಸೌಟು, ಕಡೆಗೋಲು, ಬಚ್ಚಲು. ಇದನ್ನು ಪಾಠವೆನ್ನುತ್ತೀಯಾ? ಪೀಠಿಕೆಯೆಲ್ಲಿ? ನಿರ್ವಚನವೆಲ್ಲಿ? ನಾಳೆಯಿಂದ ನಾನೇ ಹತ್ತುತ್ತೇನೆ. ದೋಣಿಯ ವಿಷಯವನ್ನು ಮೊದಲಿನಿಂದ ಹೇಳಬೇಕಾಗಿದೆ."

ಮೊದಲಿನಿಂದ ಎಂಬ ಮಾತು ಕೇಳಿ ನನಗೆ ಹೊಂಬಮ್ಮನ ಮುಖ ನೆನಪಾಯಿತು. "ಹತ್ತುವಿರಂತೆ ಮೇಷ್ಟ್ರೇ. ಅದಕ್ಕೂ ಮೊದಲು ನನ್ನೊಡನೆ ಒಂದು ಸ್ಥಳಕ್ಕೆ ಬನ್ನಿ," ಎಂದು ಬೇಡಿಕೊಂಡೆ.

ಮೋರಿಯ ಬಳಿ ಅವರು ಉತ್ತರೀಯದಿಂದ ಮೂಗು ಮುಚ್ಚಿಕೊಂಡು, ದೂರದಲ್ಲಿ ಒಂದೇ ಕಾಲೂರಿ ನಿಂತರು. ಮೊದಲು ಒಬ್ಬ ಹೆಂಗಸು ಅವರದೇ ಧಾಟಿಯಲ್ಲಿ "ಪ್ರಾರಂಭದಲ್ಲಿ, ಬದನೆಕಾಯಿ ಎಂದರೇನು..." ಎಂದು ಅಣಕಿಸುತ್ತ ನಕ್ಕಳು. ಆಚಾರ್ಯರ ಕಿವಿ ಕೆಂಪಾದವು. ಆಮೇಲೆ ಹಿಂದೊಮ್ಮೆ ಕೈ ಯಾರದೆಂದು ಕೇಳಿದ್ದ ಮುದುಕನ ದನಿ ಬಂದಿತು. "ನಗಬ್ಯಾಡ ಕಣಮ್ಮಿ. ಮೇಷ್ಟ್ರು ಸಾರಿನ ಪಾಠ ಸುರು ಮಾಡ್ದಾಗ ನಂಗೆ ಆಗ್ತಾನೆ ಮದ್ವೆ. ಅದ್ರ ಕೊನೇಲಿ ಏನದೆ ಅಂತ ಇವತ್ಗೂ ಕಾಯ್ತಾವ್ನಿ. ಏನೋ ಒಳ್ಳೇದೇ ಇರ್ಬೇಕು."

ಆಚಾರ್ಯರು ಎರಡನೆಯ ಕಾಲನ್ನೂ ನೆಲಕ್ಕೆ ಊರಿದರು. ಉತ್ತರೀಯ ಮೂಗಿನಿಂದ ಜಾರಿತು. "ಒಗ್ಗರಣೆ," ಎಂದರು. "ಕೊನೆಯಲ್ಲಿ ಇರುವುದು ಒಗ್ಗರಣೆ. ಪ್ರತಿ ಸಲವೂ ಹೇಳಿದ್ದೇನಲ್ಲಯ್ಯಾ. ಯಾರೂ ಕೇಳಿಯೇ ಇಲ್ಲವೇ?"

"ನುಗ್ಗೆಮರಗಳು ಕೇಳಿವೆ," ಎಂದೆ. ಆ ಮಾತನ್ನು ಆಡಬಾರದಿತ್ತು. ಅವರು ಉತ್ತರೀಯ ಸರಿಪಡಿಸಿಕೊಂಡು ಹೊರಟುಹೋದರು. ಆದರೆ ಮರುದಿನ ಟ್ಯಾಂಕಿನ ಬುಡದಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಸೋಮವಾರ ಬಂದಿತು. ನನ್ನ ಚೀಲವನ್ನೂ ಹೆಗಲಿಗೇರಿಸಿಕೊಂಡು ಹರಿಗೋಲಿನಲ್ಲಿ ಕುಳಿತೆ. ಆಚೆ ದಡದಲ್ಲಿ ಇಳಿದು ಹೊರಟುಹೋಗುವುದೆಂದು ಎಲ್ಲರಿಗೂ ಹೇಳಿಯಾಗಿತ್ತು. ಜಯಶೀಲಮ್ಮನವರು ಎರಡೂ ಕೈಗಳಿಂದ ಹರಿಗೋಲಿನ ಅಂಚನ್ನು ಹಿಡಿದು, "ಹೊಂಬಮ್ಮಾ, ನಂಗೆ ಈಜು ಎಂದರೇನು ಅನ್ನೋದರ ತನಕ ಮಾತ್ರ ಗೊತ್ತು, ಜ್ಞಾಪಕ ಇರಲಿ," ಎಂದರು. ಊರಿನ ಅರ್ಧ ಜನ ದಡದಲ್ಲಿ ನಿಂತು, ಸೌಟಿಲ್ಲದಿದ್ದರೂ ಕೈಗಳನ್ನು ಮುಂದಕ್ಕೆ ಚಾಚಿದರು. ಹೊಂಬಮ್ಮ ಸೆರಗು ಬಿಗಿದು, ನೀರನ್ನು ತಬ್ಬಿ ಎಳೆದಳು. ಹರಿಗೋಲು ಹೊರಟಿತು. ನಡುಹೊಳೆಯಲ್ಲಿ ಒಮ್ಮೆ ಅರ್ಧ ಸುತ್ತು ಸುತ್ತಿತು. ಅಧ್ಯಕ್ಷೆ ಕಣ್ಣು ಮುಚ್ಚಿದರು. ಹೊಂಬಮ್ಮ ಹುಟ್ಟನ್ನು ಎತ್ತಿ ಹಿಡಿದು ಹತ್ತು ಉಸಿರು ಸುಮ್ಮನಿದ್ದು, ಮತ್ತೆ ಎಳೆದಳು. ಆ ಹತ್ತು ಉಸಿರು ನಾನು ಟ್ಯಾಂಕಿಗೆ ಬಿಟ್ಟದ್ದೆಂದು ನನಗೆ ಗುರುತು ಸಿಕ್ಕಿತು. ಹರಿಗೋಲು ಆಚೆ ದಡದ ಮರಳನ್ನು ಮುಟ್ಟಿತು.

ಅಧ್ಯಕ್ಷೆ ಇಳಿದರು, ನಾನೂ ಇಳಿದೆ. ಚೀಲ ಸರಿಪಡಿಸಿಕೊಂಡು ವಿದಾಯದ ಮಾತನ್ನು ಹುಡುಕುತ್ತಿರುವಾಗ ಹೊಂಬಮ್ಮ ಮೆಲ್ಲಗೆ ಕೇಳಿದಳು: "ಅಣ್ಣಯ್ಯ, ವಾಪಸ್ ಬರೋ ಪಾಠ ಯಾವತ್ತು ಹೇಳ್ದೆ? ನಾನೇನಾದ್ರೂ ನಲ್ಲಿ ಬೇಗ ನಿಲ್ಲುಸ್ಬುಟ್ನಾ?"

ನಾನು ಹೇಳಿಯೇ ಇರಲಿಲ್ಲ. ಆರು ದಿನಗಳ ಪಾಠಗಳೆಲ್ಲವೂ ಆ ದಡದಿಂದ ಈ ದಡಕ್ಕೆ. ಬಿಟ್ಟ ಊರಿಗೆ ಮರಳಿದ ಅಭ್ಯಾಸವೇ ಇಲ್ಲದವನಿಗೆ ಹೊಳೆಗೆ ಇನ್ನೊಂದು ದಿಕ್ಕಿದೆಯೆಂಬುದು ತೋಚಿರಲಿಲ್ಲ. ಅಧ್ಯಕ್ಷೆಯನ್ನು ಮರಳಿ ಕರೆತರದಿದ್ದರೆ ಐದು ತಲೆಮಾರಿನ ಹುಟ್ಟು ಈ ಮರಳಿನಲ್ಲೇ ಉಳಿಯುತ್ತಿತ್ತು. "ಹೊಂಬಮ್ಮ, ಅದನ್ನು... ನಾನು ಯೋಚಿಸಲಿಲ್ಲ," ಎಂದೆ. ಆಚಾರ್ಯರು ಕೊನೆಯನ್ನು ಹೇಳಿದ್ದರು, ಊರು ಕೇಳಿರಲಿಲ್ಲ. ನಾನಾದರೋ ಹೇಳಿಯೇ ಇರಲಿಲ್ಲ.

ಅವಳು ನನ್ನನ್ನು ಒಮ್ಮೆ ನೋಡಿದಳು, ಹೊಳೆಯನ್ನು ಒಮ್ಮೆ ನೋಡಿದಳು. ಆಮೇಲೆ ಹರಿಗೋಲನ್ನು ತಲೆಗೇರಿಸಿಕೊಂಡು ದಡದಲ್ಲೇ ನೂರು ಹೆಜ್ಜೆ ಮೇಲಕ್ಕೆ ನಡೆದಳು. ಅಧ್ಯಕ್ಷೆಯೂ ನಾನೂ ಹಿಂದೆ ಓಡಿದೆವು. ನೀರಿಗಿಳಿಸಿ, ಅಧ್ಯಕ್ಷೆಯನ್ನು ಕೂರಿಸಿ, ತಾನು ಕಾಲಿಟ್ಟು, ಬರುವಾಗ ಕುಳಿತಿದ್ದ ಜಾಗದಲ್ಲಿ ಕುಳಿತಳು. ಹುಟ್ಟನ್ನು ಚಾಚಿದರೆ ಎದುರಿಗೆ ಮರಳು. ಮರುಕ್ಷಣ ಎದ್ದು, ಅಧ್ಯಕ್ಷೆಯ ಕಾಲು ದಾಟಿ, ಎದುರಿನ ಅಂಚಿಗೆ ಹೋಗಿ ಕುಳಿತಳು.

"ಇದು ಗುಂಡಗದಲ್ಲ ಅಣ್ಣಯ್ಯ! ಇದಕ್ಕೆ ಮುಂದ್ಲೆಲ್ಲದೆ ಹಿಂದ್ಲೆಲ್ಲದೆ? ನಾನೆಲ್ಲಿ ಕುಂತ್ಕತೀನೋ ಅದೇ ಮುಂದ್ಲು!"

ಅವಳು ನಕ್ಕಳು. ನಾನು ದಾರಿಯ ಕಡೆಗೊಮ್ಮೆ ನೋಡಿದೆ. ಅದು ಬಹಳ ಒಳ್ಳೆಯ ದಾರಿಯಂತೆ ಕಾಣುತ್ತಿತ್ತು. ಆದರೆ ನನ್ನ ಬದುಕಿನಲ್ಲಿ ಮೊದಲ ಬಾರಿಗೆ ಕೊನೆಯ ಹಾಳೆ ಹರಿಯದೆ ಕಣ್ಣೆದುರಿಗಿರುವಾಗ ಪುಸ್ತಕ ಮುಚ್ಚುವುದು ನನ್ನಿಂದಾಗಲಿಲ್ಲ. ನೀರಿಗಿಳಿದು, ಮೊಳಕಾಲು ನೆನೆಸಿಕೊಂಡು, ಹರಿಗೋಲಿಗೆ ಹತ್ತಿದೆ.

ನಡುಹೊಳೆ ದಾಟಿದಾಗ ಊರ ಕಡೆಯಿಂದ ಗಾಳಿ ಬೀಸಿತು. ಅಧ್ಯಕ್ಷೆ ಕಣ್ಣು ತೆರೆದು, "ಏನಿದು ವಾಸನೆ?" ಎಂದು ಗಾಬರಿಯಾದರು. ಸಾಸಿವೆ ಸಿಡಿದ ವಾಸನೆ. ಅದರ ಹಿಂದೆ ಕರಿಬೇವು, ಅದರ ಹಿಂದೆ ಇಂಗು. ಅಂದು ಬೆಳಿಗ್ಗೆ ನಾವು ಹೊಳೆಗೆ ಬಂದಮೇಲೆ ಅಳಸಿಂಗಾಚಾರ್ಯರು ಟ್ಯಾಂಕು ಹತ್ತಿ, ಮನೆಗಳಲ್ಲಿ ಉಳಿದವರಿಗೆ ನಲವತ್ತು ವರ್ಷಗಳಲ್ಲಿ ಮೊದಲ ಸಲ ಪಾಠವನ್ನು ಕೊನೆಯಿಂದ ಆರಂಭಿಸಿದ್ದರಂತೆ. "ಎಣ್ಣೆ ಕಾಯಿಸಿ. ಸಾಸಿವೆ ಹಾಕಿ. ಅದು ಸಿಡಿಯುವುದನ್ನು ನೀವೇ ಕೇಳಿ," ಎಂದು ಹೇಳಿ, ಅರ್ಧ ಕೊಡಕ್ಕೆ ಸುಮ್ಮನಾಗಿದ್ದರಂತೆ. ಹರಿಗೋಲು ದಡ ಮುಟ್ಟಿದಾಗ ಊರಿನವರು ಕೂಗಿದರು, ಸೀನಿದರು, ಕಣ್ಣೊರೆಸಿಕೊಂಡರು. ಇಬ್ಬರ ಹೆಗಲ ಮೇಲೆ ಕೈಹಾಕಿ ಒಂಟಿಕಾಲಿನಲ್ಲಿ ಬಂದಿದ್ದ ದ್ಯಾವಣ್ಣ ಬಾಯಿ ತೆರೆದನು. ಎಲ್ಲರೂ ಅವನತ್ತ ನೋಡಿದರು. "ಹಂಗೇಯ," ಎಂದನು. ಹೊಂಬಮ್ಮ ಹುಟ್ಟನ್ನು ಅವನ ಕೈಗೆ ಕೊಡಲಿಲ್ಲ. ತನ್ನ ಹೆಗಲ ಮೇಲೆಯೇ ಇಟ್ಟುಕೊಂಡು ಮನೆಗೆ ನಡೆದಳು.

ಸಂಜೆ ಅಭ್ಯಾಸಬಲದಿಂದ ಮೋರಿಯ ಬಳಿಗೆ ಹೋದೆ. ಅಲ್ಲಿ ನನ್ನ ಕಲ್ಲಿನ ಮೇಲೆ ಆಚಾರ್ಯರು ಕಾಗದ ಹಿಡಿದು ಕುಳಿತಿದ್ದರು. ತುಸು ಸರಿದು ಜಾಗ ಕೊಟ್ಟರು. ಪಾತ್ರೆಗಳ ಸದ್ದಿನ ನಡುವೆ ಹೊಂಬಮ್ಮನ ದನಿ ಬಂದಿತು. "ಒಳ್ಳೇ ಮನ್ಸ ಕಣೇ. ಹೋಗದೊಂದೇ ಕಲ್ತವ್ನೆ, ಪಾಪ. ಬರಾದು ಯಾರೂ ಹೇಳ್ಕೊಟ್ಟಿಲ್ಲ ಅವ್ನಿಗೆ." ಆಚಾರ್ಯರು ಅದನ್ನು ಬರೆದುಕೊಂಡರು.

ಮರುದಿನ ಬೆಳಿಗ್ಗೆ ಊರು ಬಿಡಬೇಕೆಂದು ಚೀಲ ಕಟ್ಟಿದ್ದೆ. ಖಾನಾವಳಿಯವನು ಒಂದು ಖಾಲಿ ಕೊಡವನ್ನು ನನ್ನ ಕೈಗಿತ್ತು ನಲ್ಲಿಯ ಮುಂದೆ ನಿಲ್ಲಿಸಿದನು. ನೀರು ಬಿತ್ತು. ಈ ಬಾರಿ ಬಂದದ್ದು ಆಚಾರ್ಯರ ಕಂಠವಲ್ಲ.

"ಅಣ್ಣಯ್ಯ, ಇವತ್ತು ಒಂದೇ ಕೆಲ್ಸ. ಹೆಗಲಿನ ಚೀಲ ಕೆಳಗಿಡು. ಈಗ ತಿರುಗಿ ಕುಂತ್ಕೊ."

ಅಷ್ಟು ಹೇಳಿ ಅವಳು ಸುಮ್ಮನಾದಳು. ನೀರು ಮಾತಿಲ್ಲದೆ ಬೀಳುತ್ತಿತ್ತು. ಮಾಡಿ ನೋಡಲೆಂದು ಬಿಟ್ಟ ಹತ್ತು ಉಸಿರು. ಒಂದು, ಎರಡು, ಮೂರು ಎಂದು ನಾನು ಎಣಿಸಿದೆ. ಕೊಡ ಇನ್ನೂ ಅರ್ಧವೇ ತುಂಬಿತ್ತು. ಮೆಲ್ಲನೆ ಚೀಲದ ಪಟ್ಟಿಯನ್ನು ಹೆಗಲಿನಿಂದ ಜಾರಿಸಿದೆ.